ಕೈ ನಮ್ಮದು, ಕೈಪಿಡಿ ಯಾರದು?

(ಫೈಬರ್ ಕೇಬಲ್ ಕೆಲಸ ಕಲಿಯುತ್ತಿರುವ ಯುವಕ ಯುವತಿಯರಿಗಾಗಿ ಬನಶಂಕರಿ ಎರಡನೇ ಹಂತದಲ್ಲಿ ಏರ್ಪಡಿಸಿದ್ದ ಶಿಬಿರದಲ್ಲಿ ಜಯನಗರದ ಮುದ್ರಣಾಲಯವೊಂದರ ಮಾಲೀಕರು ಮಾಡಿದ ಭಾಷಣದ ಪಾಠ)



ನಾನು ಮಾತುಗಾರನಲ್ಲ, ಅಚ್ಚುಗಾರ. ಓದಿದ್ದು ಪಿಯುಸಿವರೆಗೆ. ನಮ್ಮ ತಂದೆಯವರ ಕಾಲದಲ್ಲಿ ಸೀಸದ ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದ ಪ್ರೆಸ್ಸು, ನನ್ನ ಕೈಗೆ ಬರುವ ಹೊತ್ತಿಗೆ ಆಫ್‌ಸೆಟ್ ಆಯಿತು. ಇಂಥವನಿಗೂ ಲೇಸರ್, ಫೈಬರ್ ಅನ್ನುವ ವಿಷಯಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಿಮ್ಮ ಕೈಯಲ್ಲಿರುವ ಈ ಕನ್ನಡ ಕೈಪಿಡಿ ಅಚ್ಚಾದದ್ದು ನಮ್ಮ ಪ್ರೆಸ್ಸಿನಲ್ಲಿ, ಅದೇ ಸಂಬಂಧ. ಕರಡು ತಿದ್ದುವಾಗ ನನಗೆ ಅರ್ಥವಾಗದ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದೆ. ಈ ಕೆಲಸ ಬಲ್ಲ ಹುಡುಗರನ್ನು ಸಂಜೆ ಹೊತ್ತು ಕರೆಸಿ, ಕಾಫಿ ಕುಡಿಸಿ, ಒಂದೊಂದನ್ನೂ ಬಿಡಿಸಿ ಕೇಳಿದೆ. ಅವರು ತೋರಿಸಿದರು, ನಾನು ಬರೆದುಕೊಂಡೆ. ಹಾಗೆ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಗೋಡೌನಿಗೆ ಹೋಗುವ ದಾರಿ

ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆ, ಎಲ್ಲಿ ನೋಡಿದರೂ ಮರದಿಂದ ಮರಕ್ಕೆ ಕಪ್ಪು ಕೇಬಲ್ಲು ಜೋತುಬಿದ್ದಿರುತ್ತದೆ. ಇಲ್ಲವೇ ಮೊನ್ನೆ ಹಾಕಿದ ಡಾಂಬರು ಅಗೆದು ಕಿತ್ತಳೆ ಬಣ್ಣದ ಕೊಳವೆ ಹೂಳುತ್ತಿರುತ್ತಾರೆ. ಬಿಬಿಎಂಪಿ ಹೋಗಿ ೨೦೨೫ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅಗೆಯುವುದು ಮಾತ್ರ ನಿಂತಿಲ್ಲ. ಜನ ಬೈಯುತ್ತಾರೆ, ಬೈಯಲೇಬೇಕು. ಆದರೆ ಆ ಕೇಬಲ್ಲು ಎಲ್ಲಿಗೆ ಹೋಗಿ ಮುಟ್ಟುತ್ತದೆ, ಅಲ್ಲಿ ಏನಿದೆ ಎಂದು ಕೇಳುವವರು ಕಡಿಮೆ.

ಅದು ಹೋಗಿ ಸೇರುವುದು ಒಂದು ತಣ್ಣನೆಯ ಕೋಣೆಗೆ. ಹಗಲು ರಾತ್ರಿ ಏಸಿ ಓಡುವ ಆ ಕೋಣೆಯಲ್ಲಿ ಬೀರುವಿನಂಥ ಕಪ್ಪು ರ‍್ಯಾಕುಗಳು ಸಾಲಾಗಿ ನಿಂತಿವೆ. ಕೆಲವು ರ‍್ಯಾಕಿನಲ್ಲಿ ಲೆಕ್ಕ ಮಾಡುವ ಸರ್ವರುಗಳು, ಕೆಲವು ರ‍್ಯಾಕಿನಲ್ಲಿ ಬರೀ ಡಿಸ್ಕುಗಳು. ಪ್ರೆಸ್ಸಿನ ಭಾಷೆಯಲ್ಲಿ ಹೇಳಬೇಕೆಂದರೆ ಸರ್ವರು ಮೆಷಿನ್ನು, ಡಿಸ್ಕುಗಳ ರ‍್ಯಾಕು ಕಾಗದದ ಗೋಡೌನು. ಸಣ್ಣ ಪ್ರೆಸ್ಸಿನಲ್ಲಿ ಮೆಷಿನ್ನಿನ ಪಕ್ಕದಲ್ಲೇ ಕಾಗದದ ರೀಮು ಇಟ್ಟುಕೊಳ್ಳುತ್ತೇವೆ. ದೊಡ್ಡ ಪ್ರೆಸ್ಸಿನಲ್ಲಿ ಹಾಗೆ ಆಗದು, ಎಲ್ಲ ಮೆಷಿನ್ನಿಗೂ ಸೇರಿ ಒಂದೇ ಗೋಡೌನು, ಅದಕ್ಕೊಬ್ಬ ಸ್ಟೋರ್ ಕೀಪರು. ಯಾವ ಮೆಷಿನ್ನಿಗೆ ಯಾವ ಕಾಗದ, ಎಷ್ಟು ರೀಮು ಎನ್ನುವುದು ಅವನ ಲೆಕ್ಕ. ಡಿಸ್ಕುಗಳ ಲೋಕದಲ್ಲಿ ಆ ಸ್ಟೋರ್ ಕೀಪರನ ಹೆಸರು ಸ್ವಿಚ್ಚು. ಈ ಇಡೀ ಏರ್ಪಾಟಿಗೆ ಸ್ಯಾನ್ ಎನ್ನುತ್ತಾರೆ, ಅಂದರೆ ಸಂಗ್ರಹ ಜಾಲ. ಇದರೊಳಗೆ ಸರಕು ಸಾಗಿಸುವ ಪದ್ಧತಿಗೆ ಫೈಬರ್ ಚಾನೆಲ್ ಎಂದು ಹೆಸರು. ೧೯೯೪ರಲ್ಲಿ ಅದಕ್ಕೆ ಅಮೆರಿಕದಲ್ಲಿ ಮಾನಕದ ಮುದ್ರೆ ಬಿತ್ತು.

ಇದರಿಂದ ನಮಗೇನು ಎನ್ನಬೇಡಿ. ನಮ್ಮ ರಾಜ್ಯದ ‘ಭೂಮಿ’ ಯೋಜನೆ ನಿಮಗೆಲ್ಲ ಗೊತ್ತು. ಈ ಶತಮಾನದ ಆರಂಭದಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು, ಕನ್ನಡದಲ್ಲೇ ಹಾಕಿದರು. ಶ್ಯಾನುಭೋಗರ ಖಿರ್ದಿಯಲ್ಲಿದ್ದದ್ದು ಮೊದಲು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂತು, ಆಮೇಲೆ ರಾಜ್ಯದ ದತ್ತಾಂಶ ಕೇಂದ್ರ ಸೇರಿತು. ಕನಕಪುರದ ರೈತನ ಎರಡು ಎಕರೆ ಹೊಲ ಇಂದು ಎಲ್ಲೋ ಒಂದು ಡಿಸ್ಕಿನ ಮೇಲಿನ ಕನ್ನಡ ಅಕ್ಷರ. ನಿಮ್ಮ ಬ್ಯಾಂಕ್ ಪಾಸ್‌ಬುಕ್ಕು, ಆಸ್ಪತ್ರೆಯ ಸ್ಕ್ಯಾನು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲವೂ ಇಂಥ ಡಿಸ್ಕುಗಳ ಮೇಲೆಯೇ ಕುಳಿತಿವೆ. ಅಂಥ ದೊಡ್ಡ ಗೋಡೌನಿಗೂ ಮೆಷಿನ್ನಿಗೂ ನಡುವೆ ಇರುವುದು ಕೂದಲೆಳೆಯಂಥ ಒಂದು ಗಾಜಿನ ದಾರ. ಆ ದಾರವನ್ನು ಸಿಕ್ಕಿಸುವ ಕೈ ನಿಮ್ಮದು!

ಬೆರಳುದ್ದದ ಪೆಟ್ಟಿಗೆ

ಈ ಗಾಜಿನ ದಾರಕ್ಕೂ ನಮ್ಮ ದೇಶಕ್ಕೂ ನಂಟಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಓದುವಾಗ, ಗಾಜಿನ ಎಳೆಗಳ ಕಟ್ಟಿನೊಳಗೆ ಬೆಳಕಿನ ಚಿತ್ರ ಹಾಯಿಸಿ ೧೯೫೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಜು ಸಾಕಷ್ಟು ಶುದ್ಧವಾದರೆ ಈ ದಾರದಲ್ಲಿ ಬಹು ದೂರ ಮಾತು ಕಳಿಸಬಹುದು ಎಂದು ಚಾರ್ಲ್ಸ್ ಕಾವೊ ೧೯೬೬ರಲ್ಲಿ ತೋರಿಸಿದರು. ೨೦೦೯ರಲ್ಲಿ ನೊಬೆಲ್ ಬಂದದ್ದು ಕಾವೊ ಅವರಿಗೆ. ಕಪಾನಿಯವರಿಗೆ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟದ್ದು ೨೦೨೧ರಲ್ಲಿ, ಅವರು ತೀರಿಹೋದ ಮೇಲೆ. ಅದಿರಲಿ. ಬೆಂಗಳೂರೇನೂ ಹಿಂದೆ ಬಿದ್ದಿಲ್ಲ. ೧೯೪೮ರಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆ ಇಲ್ಲಿ ಶುರುವಾಯಿತು. ಬೆಳಕಿನ ಜಾಲದ ಯಂತ್ರಗಳನ್ನು ತಯಾರಿಸುವ ತೇಜಸ್ ನೆಟ್‌ವರ್ಕ್ಸ್ ೨೦೦೦ದಲ್ಲಿ ಇದೇ ಊರಲ್ಲಿ ಹುಟ್ಟಿತು.

ಸ್ವಿಚ್ಚಿನೊಳಗಿನ ಮಾತೆಲ್ಲ ವಿದ್ಯುತ್ತಿನದು, ದಾರದೊಳಗಿನ ಮಾತು ಬೆಳಕಿನದು. ಇವೆರಡರ ನಡುವೆ ಒಬ್ಬ ದುಬಾಷಿ ಬೇಕು. ಆ ದುಬಾಷಿಯೇ ಟ್ರಾನ್ಸೀವರ್, ನೀವು ಮಾಡ್ಯೂಲ್ ಎನ್ನುತ್ತೀರಿ, ಎಸ್‌ಎಫ್‌ಪಿ ಎನ್ನುತ್ತೀರಿ. ಬೆರಳುದ್ದದ ಲೋಹದ ಪೆಟ್ಟಿಗೆ, ಮುಂದೆ ಎರಡು ತೂತು. ಒಂದು ತೂತಿನಿಂದ ಲೇಸರ್ ಬೆಳಕು ಹೊರಗೆ ಹೋಗುತ್ತದೆ, ಇನ್ನೊಂದರಿಂದ ಒಳಗೆ ಬರುತ್ತದೆ. ಸ್ವಿಚ್ಚು ನಡೆಯುತ್ತಿರುವಾಗಲೇ ಇದನ್ನು ಹಾಕಬಹುದು, ತೆಗೆಯಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಹತ್ತಿರದ್ದಕ್ಕೆ ೮೫೦ ನ್ಯಾನೊಮೀಟರಿನ ಬೆಳಕು, ದೂರದ್ದಕ್ಕೆ ೧೩೧೦. ಹತ್ತಿರದ್ದಕ್ಕೆ ಹಾಕುವ ಮಲ್ಟಿಮೋಡ್ ದಾರದ ನಡುತಿರುಳು ೫೦ ಮೈಕ್ರಾನು, ಹೊರಗವಸು ಸಾಮಾನ್ಯವಾಗಿ ತಿಳಿನೀಲಿ ಹಸಿರು. ದೂರದ ಸಿಂಗಲ್‌ಮೋಡ್ ದಾರದ ತಿರುಳು ಬರೀ ೯ ಮೈಕ್ರಾನು, ಗವಸು ಹಳದಿ. ಮಾಡ್ಯೂಲಿನ ಚಿಲಕದಲ್ಲೂ ಬಣ್ಣದ ಗುರುತಿರುತ್ತದೆ. ೮೫೦ಕ್ಕೆ ಕಪ್ಪು ಇಲ್ಲವೇ ಮಾಸಲು ಬಿಳಿ, ೧೩೧೦ಕ್ಕೆ ನೀಲಿ. ಬಣ್ಣ ನೋಡಿ ಊಹಿಸಿ, ಮೇಲಿನ ಚೀಟಿ ಓದಿ ಖಚಿತಪಡಿಸಿಕೊಳ್ಳಿ. ಒಂದು ತುದಿಗೆ ೮೫೦, ಇನ್ನೊಂದು ತುದಿಗೆ ೧೩೧೦ ಹಾಕಿ ಕೂತರೆ ಬೆಳಗಾಗುವವರೆಗೆ ದೀಪ ಹತ್ತುವುದಿಲ್ಲ.

ವೇಗ ಹೆಚ್ಚಿದಷ್ಟೂ ದೂರ ಕಡಿಮೆ, ಇದನ್ನು ಮರೆಯಬೇಡಿ. ಓಎಂ೩ ಎನ್ನುವ ದಾರದಲ್ಲಿ ೮ ಗಿಗಾ ವೇಗ ೧೫೦ ಮೀಟರ್ ಹೋಗುತ್ತದೆ. ಅದೇ ದಾರದಲ್ಲಿ ೧೬ ಗಿಗಾ ೧೦೦ ಮೀಟರ್, ೩೨ ಗಿಗಾ ೭೦ ಮೀಟರ್. ಹಳೆಯ ದಾರವನ್ನು ಹಾಗೇ ಬಿಟ್ಟು ಹೊಸ ಸ್ವಿಚ್ಚು ತಂದಿಟ್ಟ ಜಾಗದಲ್ಲಿ, ನಿನ್ನೆವರೆಗೆ ನಡೆಯುತ್ತಿದ್ದದ್ದು ಇವತ್ತು ಏಕೆ ತಡವರಿಸುತ್ತದೆ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಈ ಲೆಕ್ಕದಲ್ಲಿ ಸಿಗಬಹುದು.

ಧೂಳೇ ಮೊದಲ ಶತ್ರು

ಈಗ ಕೆಲಸಕ್ಕೆ ಬರೋಣ. ಆಫ್‌ಸೆಟ್ ಮುದ್ರಣದಲ್ಲಿ ಹಿಕ್ಕಿ ಎನ್ನುವ ಒಂದು ಪೀಡೆ ಇದೆ. ಪ್ಲೇಟಿನ ಮೇಲೋ ಬ್ಲಾಂಕೆಟ್ಟಿನ ಮೇಲೋ ಕಣ್ಣಿಗೆ ಕಾಣದ ಒಂದು ಧೂಳಿನ ಕಣ ಕುಳಿತರೆ ಸಾಕು, ಮದುವೆ ಪತ್ರಿಕೆಯಲ್ಲಿ ವಧುವಿನ ಹೆಸರಿನ ಮೇಲೆ ಬಿಳಿ ಉಂಗುರ ಮೂಡುತ್ತದೆ. ಫೈಬರಿನಲ್ಲೂ ಇದೇ ಪಾಡು, ಇನ್ನೂ ಘೋರ. ನಾಲ್ಕು ಬಣ್ಣದ ಕೆಲಸದಲ್ಲಿ ೧೦೦ ಮೈಕ್ರಾನು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಸರಿದರೆ ರಿಜಿಸ್ಟರ್ ತಪ್ಪಿತೆಂದು ನಮ್ಮ ಮೆಷಿನ್‌ಮನ್ ಕೂಗಾಡುತ್ತಾನೆ. ಇಲ್ಲಿ ತಿರುಳೇ ೯ ಮೈಕ್ರಾನು. ತಲೆಗೂದಲು ಸುಮಾರು ೭೦ ಮೈಕ್ರಾನು ದಪ್ಪ. ಒಂದು ಧೂಳಿನ ಕಣ ದಾರಿಗೆ ಅಡ್ಡ ನಿಂತರೆ ಹೆಬ್ಬಾಗಿಲಿಗೆ ಬಂಡೆ ಉರುಳಿಸಿದ ಹಾಗೆ. ೩ ಡೆಸಿಬೆಲ್ ನಷ್ಟವಾಯಿತು ಅಂದರೆ ಅರ್ಧ ಬೆಳಕು ಹೋಯಿತು ಎಂದು ಅರ್ಥ.

ಆದ್ದರಿಂದ ಮುಚ್ಚಳ ತೆಗೆದ ಮೇಲೆ ನೋಡಿ, ಒರೆಸಿ, ಮತ್ತೆ ನೋಡಿ, ಆಮೇಲೆ ಸಿಕ್ಕಿಸಿ. ನೋಡುವುದಕ್ಕೆ ಫೈಬರ್ ಮೈಕ್ರೊಸ್ಕೋಪು, ಒರೆಸುವುದಕ್ಕೆ ಒತ್ತಿದರೆ ಟಿಕ್ ಎನ್ನುವ ಕ್ಲೀನರ್ ಪೆನ್ನು, ಇಲ್ಲವೇ ನೂಲು ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲು. ಬಾಯಲ್ಲಿ ಊದಬೇಡಿ, ಉಸಿರಿನ ಜತೆ ಎಂಜಲಿನ ಹನಿ ಹೋಗಿ ಕೂರುತ್ತದೆ. ಅಂಗಿಯ ತುದಿಯಲ್ಲಿ ಒರೆಸಬೇಡಿ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಪ್ಲೇಟನ್ನು ಅಂಚು ಹಿಡಿದು ಎತ್ತುವಂತೆ ಪಕ್ಕ ಹಿಡಿದು ಎತ್ತಿ. ಹೊಸ ಪ್ಯಾಕೆಟ್ ಒಡೆದ ದಾರವಾದರೂ ನೋಡದೆ ಹಾಕಬೇಡಿ. ತೆಗೆದ ಮುಚ್ಚಳಗಳನ್ನು ಜೇಬಿಗೆ ತುರುಕಬೇಡಿ, ಜೇಬಿನ ತುಂಬ ಧೂಳಿರುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ಮುಚ್ಚಿಡಿ. ಖಾಲಿ ಇರುವ ಪೋರ್ಟಿಗೆ ಮುಚ್ಚಳ ಹಾಕಿಯೇ ಇರಬೇಕು.

ಎರಡನೇ ಮಾತು, ಮೈಯಲ್ಲಿ ಕೂಡಿದ ವಿದ್ಯುತ್ತು. ಒಣಹವೆಯ ದಿನ ಪ್ರೆಸ್ಸಿನಲ್ಲಿ ಹಾಳೆಗೆ ಹಾಳೆ ಅಂಟಿಕೊಳ್ಳುವುದನ್ನು ನಾನು ದಿನಾ ನೋಡುತ್ತೇನೆ. ಅದೇ ವಿದ್ಯುತ್ತು ನಿಮ್ಮ ಬೆರಳ ತುದಿಯಿಂದ ಹಾರಿದರೆ ನಿಮಗೆ ಚುರುಕ್ ಎನ್ನುವುದೂ ಇಲ್ಲ, ಆದರೆ ಮಾಡ್ಯೂಲಿನ ಲೇಸರ್ ಸಾಯಬಹುದು. ಕೈಗೆ ಪಟ್ಟಿ ಕಟ್ಟಿ, ಅದರ ತುದಿಯನ್ನು ರ‍್ಯಾಕಿನ ಅರ್ಥಿಂಗಿಗೆ ಸಿಕ್ಕಿಸಿದ ಮೇಲೆಯೇ ಪೊಟ್ಟಣ ಒಡೆಯಿರಿ.

ಹಾಕುವ ಕ್ರಮ, ತೆಗೆಯುವ ಕ್ರಮ

ಹಾಕುವಾಗ ಮಾಡ್ಯೂಲು ಮೊದಲು, ದಾರ ಆಮೇಲೆ. ದಾರ ಸಿಕ್ಕಿಸಿಕೊಂಡೇ ಮಾಡ್ಯೂಲು ತಳ್ಳಬೇಡಿ. ಚಿಲಕ ಮುಚ್ಚಿ, ಸರಿಯಾದ ಮಗ್ಗುಲಲ್ಲಿ ಹಿಡಿದು, ಟಿಕ್ ಎಂದು ಕೂರುವವರೆಗೆ ನಿಧಾನವಾಗಿ ತಳ್ಳಿ. ಮೇಲಿನ ಸಾಲಿನ ಪೋರ್ಟಿಗೆ ಒಂದು ಮಗ್ಗುಲು, ಕೆಳಗಿನ ಸಾಲಿಗೆ ಅದರ ತಲೆಕೆಳಗು ಇರುವ ಸ್ವಿಚ್ಚುಗಳಿವೆ. ಹೋಗದಿದ್ದರೆ ಬಲ ಹಾಕಬೇಡಿ, ತಿರುಗಿಸಿ ನೋಡಿ. ಸ್ವಿಚ್ಚಿನ ಕಂಪನಿ ಒಪ್ಪಿದ ಮಾಡ್ಯೂಲೇ ಆಗಬೇಕು, ಬೇರೆಯದು ಹಾಕಿದರೆ ಅನೇಕ ಸ್ವಿಚ್ಚುಗಳು ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ತೆಗೆಯುವಾಗ ಇದರ ಉಲ್ಟಾ. ಮೊದಲು ದಾರದ ಕೊಂಡಿ ಒತ್ತಿ ದಾರ ತೆಗೆಯಿರಿ, ಎರಡಕ್ಕೂ ಮುಚ್ಚಳ ಹಾಕಿ, ಚಿಲಕ ಬಿಡಿಸಿ, ಆಮೇಲೆ ಮಾಡ್ಯೂಲು ಎಳೆಯಿರಿ. ದಾರ ಹಿಡಿದು ಮಾಡ್ಯೂಲು ಎಳೆಯುವವನು ಕರುವಿನ ಬಾಲ ಹಿಡಿದು ಕೊಟ್ಟಿಗೆಯಿಂದ ಎಳೆದ ಹಾಗೆ!

ಮೊಳೆ ಜೋಡಿಸಿದವರಿಗೆ ಗೊತ್ತು, ಅಚ್ಚಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ. ಫೈಬರಿನಲ್ಲೂ ಹಾಗೇ. ಈ ತುದಿಯ ಹೊರದಾರಿ ಆ ತುದಿಯ ಒಳದಾರಿಗೆ ಹೋಗಬೇಕು. ಜೋಡಿ ದಾರಗಳನ್ನು ಕಾರ್ಖಾನೆಯಲ್ಲೇ ಹಾಗೆ ಅದಲುಬದಲು ಮಾಡಿ ಜೋಡಿಸಿರುತ್ತಾರೆ. ಆದರೂ ನಡುವೆ ಪ್ಯಾಚ್ ಪ್ಯಾನೆಲ್ ಬಂದಾಗ ಗೊಂದಲವಾಗುತ್ತದೆ. ಮಾಡ್ಯೂಲು ಸರಿ, ದಾರ ಸ್ವಚ್ಛ, ಆದರೂ ದೀಪ ಹತ್ತುತ್ತಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ದಾರವನ್ನು ಮಡಿಸಬೇಡಿ. ಟೀ ಲೋಟದ ಬಾಯಿಗಿಂತ ಸಣ್ಣ ಸುತ್ತು ಬೇಡ, ಲೆಕ್ಕದಲ್ಲಿ ಹೇಳುವುದಾದರೆ ೩ ಸೆಂಟಿಮೀಟರ್ ತ್ರಿಜ್ಯ. ಬಿಗಿಯಾಗಿ ಪ್ಲಾಸ್ಟಿಕ್ ಟ್ಯಾಗು ಎಳೆದು ಕಟ್ಟುವುದನ್ನು ಬಿಟ್ಟುಬಿಡಿ, ವೆಲ್ಕ್ರೊ ಪಟ್ಟಿ ಸಡಿಲವಾಗಿ ಸುತ್ತಿ. ಎರಡೂ ತುದಿಗೆ ಚೀಟಿ ಅಂಟಿಸಿ. ಚೀಟಿ ಇಲ್ಲದ ದಾರ ವಿಳಾಸವಿಲ್ಲದ ಕಾಗದವಿದ್ದಂತೆ.

ಇನ್ನೊಂದು ಮಾತನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಸರಿಯಾಗಿ ಕಟ್ಟಿದ ಸಂಗ್ರಹ ಜಾಲದಲ್ಲಿ ಪ್ರತಿ ಸರ್ವರಿಗೂ ಎರಡು ದಾರಿ ಇರುತ್ತದೆ, ಎ ಮತ್ತು ಬಿ. ಒಂದು ಸತ್ತರೆ ಇನ್ನೊಂದು ಕಾಯುತ್ತದೆ. ಎ ದಾರಿಗೆ ಕೈ ಹಾಕುವ ಮೊದಲು ಬಿ ದಾರಿ ಬದುಕಿದೆಯೇ ಎಂದು ಮೇಲ್ವಿಚಾರಕರನ್ನು ಬಾಯಿಬಿಟ್ಟು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಕೇಳದೆ ಎಳೆದ ಒಂದು ದಾರದಿಂದ ಒಂದು ಬ್ಯಾಂಕಿನ ಕೌಂಟರುಗಳೆಲ್ಲ ನಿಂತುಹೋಗಬಹುದು, ಆಗ ಮೊದಲು ಬೀದಿಗೆ ಬೀಳುವುದು ಗುತ್ತಿಗೆಯ ಹುಡುಗನೇ ಹೊರತು ಮೇಲಿನವರಲ್ಲ.

ಕಾಣದ ಬೆಳಕು

ಈಗ ನಿಮ್ಮ ಕಣ್ಣಿನ ಮಾತು. ೮೫೦, ೧೩೧೦ ಎಂದೆನಲ್ಲ, ಈ ಬೆಳಕು ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ. ಸಂಗ್ರಹ ಜಾಲದ ಮಾಡ್ಯೂಲುಗಳು ಸಾಮಾನ್ಯವಾಗಿ ಒಂದನೇ ವರ್ಗದ ಲೇಸರಿನವು, ಹಾಕಬೇಕಾದಂತೆ ಹಾಕಿದರೆ ಅಪಾಯವಿಲ್ಲ. ಆದರೆ ಭೂತಗನ್ನಡಿ ಇಲ್ಲವೇ ಮೈಕ್ರೊಸ್ಕೋಪು ಹಿಡಿದು ಉರಿಯುತ್ತಿರುವ ದಾರದೊಳಗೆ ಇಣುಕಿದರೆ ಬೆಳಕೆಲ್ಲ ಒಟ್ಟಾಗಿ ಕಣ್ಣಿಗೆ ಹೊಡೆಯುತ್ತದೆ. ಊರಿಂದೂರಿಗೆ ಹೋಗುವ ಟೆಲಿಫೋನ್ ಕಂಪನಿಗಳ ದಾರದಲ್ಲಿ ಬೆಳಕಿನ ಶಕ್ತಿ ಇನ್ನೂ ಹೆಚ್ಚು. ಅದರ ತುದಿ ನೋಡಿದರೆ ಹೊಳಪು ಕಾಣುವುದಿಲ್ಲ, ಆದ್ದರಿಂದ ರೆಪ್ಪೆಯೂ ಮುಚ್ಚುವುದಿಲ್ಲ. ಕಣ್ಣಿನ ಪರದೆ ಸುಟ್ಟದ್ದು ಆಮೇಲೆ ತಿಳಿಯುತ್ತದೆ. ಬೆಳಕಿದೆಯೇ ಎಂದು ನೋಡುವುದಕ್ಕೆ ಪವರ್ ಮೀಟರ್ ಇದೆ, ದೇವರು ಕೊಟ್ಟ ಕಣ್ಣು ಅದಕ್ಕಲ್ಲ. ದಾರ ಕತ್ತರಿಸಿ ಬೆಸೆಯುವ ಕೆಲಸದಲ್ಲಿ ಉದುರುವ ಗಾಜಿನ ಚೂರನ್ನು ಡಬ್ಬಿಗೆ ಹಾಕಿ, ಅದೇ ಮೇಜಿನ ಮೇಲೆ ಬುತ್ತಿ ಬಿಚ್ಚಬೇಡಿ.

ನಾನು ಸಿಟ್ಟಾಗುವುದು ಇಲ್ಲಿ. ಒಂದು ದೊಡ್ಡ ವಿದೇಶಿ ಕಂಪನಿಯ ಪೆಟ್ಟಿಗೆಯ ಜತೆ ಬಂದ ಸುರಕ್ಷತಾ ಪುಸ್ತಕವನ್ನು ಹುಡುಗರು ತಂದು ತೋರಿಸಿದರು. ಅಚ್ಚುಗಾರನ ಕಣ್ಣು ಮೊದಲು ಹೋಗುವುದೇ ಲಿಪಿಗಳ ಮೇಲೆ. ಕಣ್ಣು ಜೋಕೆ ಎಂಬ ಎಚ್ಚರಿಕೆಯನ್ನು ಅದರಲ್ಲಿ ಡೇನಿಷ್ ಭಾಷೆಯಲ್ಲಿ, ಫಿನ್ನಿಷ್ ಭಾಷೆಯಲ್ಲಿ, ಹಂಗೇರಿಯನ್ ಭಾಷೆಯಲ್ಲಿ ಅಚ್ಚು ಹಾಕಿದ್ದಾರೆ. ಬಹಳ ಸಂತೋಷ. ಫಿನ್ಲೆಂಡ್ ದೇಶದ ಒಟ್ಟು ಜನ ಸುಮಾರು ೫೬ ಲಕ್ಷ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ೪ ಕೋಟಿ ೩೭ ಲಕ್ಷ. ಫಿನ್ಲೆಂಡಿನವನ ಕಣ್ಣು ಕಣ್ಣು, ನಮ್ಮ ಹುಡುಗನದು ಏನು, ಗಾಜಿನ ಗೋಲಿಯೇ?

ಹೆಸರು ಯಾವುದಾದರೂ ಇರಲಿ

ಕನ್ನಡದಲ್ಲಿ ಇದೆಲ್ಲ ಬರೆಯಲು ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಕಂಪ್ಯೂಟರ್ ಬಂದಾಗಲೂ ಇದೇ ಪ್ರಶ್ನೆ ಕೇಳಿದರು. ೧೯೯೮ರಲ್ಲಿ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತು ‘ನುಡಿ’ ಮಾಡಿತು, ಇವತ್ತು ಪ್ರೆಸ್ಸಿನಲ್ಲಿ ಆ ಪ್ರಶ್ನೆ ಕೇಳುವವರೇ ಇಲ್ಲ.

ಕೈಪಿಡಿ ಮಾಡುವಾಗ ಹಿರಿಯರೊಬ್ಬರು ಫೈಬರಿಗೆ ದ್ಯುತಿತಂತು ಎಂದೇ ಹಾಕಬೇಕೆಂದರು. ಪದ ಚೆನ್ನಾಗಿದೆ, ಪಠ್ಯಪುಸ್ತಕದಲ್ಲೂ ಇದೆ. ಅವರ ಮೇಲಿನ ಗೌರವದಿಂದ ಒಂದು ಕಡೆ ಹಾಕಿದೆ. ಆದರೆ ರಾತ್ರಿ ಎರಡು ಗಂಟೆಗೆ ರ‍್ಯಾಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತವನು ‘ಆ ಫೈಬರ್ ಕೊಡೊ’ ಎನ್ನುತ್ತಾನೆ. ಹೆಸರು ಹೊರಗಿನಿಂದ ಬಂದರೆ ಕನ್ನಡ ಸಾಯುವುದಿಲ್ಲ. ಪೆನ್ನು, ಬಸ್ಸು, ಮೇಜು, ಕುರ್ಚಿ ಎಲ್ಲ ಹಾಗೆ ಬಂದವೇ. ಕೆಲಸ ನಡೆಯುವುದು ಕ್ರಿಯಾಪದದಲ್ಲಿ. ಒತ್ತು, ಒರೆಸು, ತಿರುಗಿಸು, ಸಿಕ್ಕಿಸು, ಮುಚ್ಚು, ಇಣುಕಬೇಡ. ಇವುಗಳಲ್ಲಿ ಯಾವುದಕ್ಕೆ ಕನ್ನಡ ಇಲ್ಲ ಹೇಳಿ? ವಾಕ್ಯ ಕನ್ನಡದ್ದಾದರೆ ಹುಡುಗನಿಗೆ ತಾನು ಏನು ಮಾಡುತ್ತಿದ್ದೇನೆ ಎಂದು ತಿಳಿಯುತ್ತದೆ. ವಾಕ್ಯ ಇಂಗ್ಲಿಷಿನದಾದರೆ ಪಕ್ಕದವನು ಮಾಡಿದ್ದನ್ನು ನೋಡಿ ಮಾಡುತ್ತಾನೆ, ಪಕ್ಕದವನ ತಪ್ಪನ್ನೂ ಕಲಿಯುತ್ತಾನೆ.

ನಮ್ಮ ಬೀದಿಯ ಹುಡುಗನೊಬ್ಬ ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ. ೪೮ ಪೋರ್ಟಿನ ಸ್ವಿಚ್ಚನ್ನು ಒಂದೂ ತಪ್ಪಿಲ್ಲದೆ ಒಬ್ಬನೇ ಕಟ್ಟುತ್ತಾನೆ. ಗುತ್ತಿಗೆದಾರನ ಪುಸ್ತಕದಲ್ಲಿ ಮಾತ್ರ ಅವನು ಇನ್ನೂ ‘ಹೆಲ್ಪರ್’. ಒಂದು ಕಂಪನಿಯಲ್ಲಿ ಕಾಯಂ ಕೆಲಸದ ಸಂದರ್ಶನಕ್ಕೆ ಹೋದ. ಟ್ರಾನ್ಸೀವರ್ ಎಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ದಿನಕ್ಕೆ ಐವತ್ತು ಹಾಕುವ ಹುಡುಗ ಬಾಯಿ ಬಿಡಲಿಲ್ಲ, ತಲೆ ತಗ್ಗಿಸಿ ಎದ್ದು ಬಂದ. ಅದೇ ಸಂಜೆ ನಮ್ಮ ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು, ‘ಅಣ್ಣಾ, ಅದು ವಿದ್ಯುತ್ತಿನ ಮಾತನ್ನು ಬೆಳಕಿಗೆ ಹೇಳುತ್ತೆ, ಬೆಳಕಿನ ಮಾತನ್ನು ವಿದ್ಯುತ್ತಿಗೆ ಹೇಳುತ್ತೆ’ ಎಂದ. ಇದಕ್ಕಿಂತ ಸರಿಯಾದ ಉತ್ತರ ಯಾವ ಎಂಜಿನಿಯರ್ ಕೊಡುತ್ತಾನೆ? ನಾನು ಆಗಲೇ ದುಬಾಷಿ ಎಂದು ಹೇಳಿದೆನಲ್ಲ, ಅದು ಅವನು ಕೊಟ್ಟ ಮಾತಿನ ಎಳೆಯೇ.

ಡಾ. ಸರೋಜಿನಿ ಮಹಿಷಿ ಸಮಿತಿ ೧೯೮೬ರಲ್ಲಿ ಅಂತಿಮ ವರದಿ ಕೊಟ್ಟಾಗ ಹಿರಿಯರು ಕಾರ್ಖಾನೆಗಳ ಗೇಟಿನ ಮುಂದೆ ನಿಂತು ಕೆಲಸ ಕೇಳಿದರು. ಇವತ್ತಿನ ಗೇಟು ಈ ತಣ್ಣನೆಯ ಕೋಣೆಯದು. ನಮ್ಮವರು ಅದರ ಒಳಗೆ ಆಗಲೇ ಇದ್ದಾರೆ, ಆದರೆ ಮೂಕರಾಗಿ ಇದ್ದಾರೆ.

ಆದ್ದರಿಂದ ಈ ಸಭೆಯ ಮೂಲಕ ನನ್ನ ಬೇಡಿಕೆ ಮೂರು. ಒಂದು, ಕರ್ನಾಟಕದಲ್ಲಿ ಕೇಬಲ್ ಗುತ್ತಿಗೆ ಹಿಡಿಯುವ ಪ್ರತಿ ಸಂಸ್ಥೆಯೂ ಲೇಸರ್ ಎಚ್ಚರಿಕೆ ಮತ್ತು ಕೆಲಸದ ಕ್ರಮವನ್ನು ಕನ್ನಡದ ಒಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ ರ‍್ಯಾಕಿನ ಬಾಗಿಲಿಗೆ ನೇತುಹಾಕಲಿ. ಅಚ್ಚಿನ ಖರ್ಚು ದೊಡ್ಡದೇನಲ್ಲ, ನನ್ನನ್ನು ಕೇಳಿ. ಎರಡು, ಕೆಲಸ ಬಲ್ಲವನನ್ನು ಕನ್ನಡದಲ್ಲಿ ಪರೀಕ್ಷೆ ಮಾಡಲಿ, ಪೋರ್ಟಿನ ಮುಂದೆ ನಿಲ್ಲಿಸಿ ಮಾಡಿಸಿ ನೋಡಲಿ. ಮೂರು, ತಂತ್ರಜ್ಞನ ಕೆಲಸ ಮಾಡುವವನನ್ನು ಪುಸ್ತಕದಲ್ಲೂ ತಂತ್ರಜ್ಞ ಎಂದೇ ಬರೆದು, ಆ ಸಂಬಳ ಕೊಡಲಿ.

ನಿಮ್ಮಿಂದಲೂ ನನಗೆ ಒಂದು ಕೆಲಸ ಆಗಬೇಕು. ಕೈಪಿಡಿಯ ಕೊನೆಗೆ ನಾಲ್ಕು ಪುಟ ಖಾಲಿ ಬಿಟ್ಟಿದ್ದೇನೆ. ಯಾವ ಸ್ವಿಚ್ಚಿನಲ್ಲಿ ಯಾವ ಬಣ್ಣದ ದೀಪಕ್ಕೆ ಏನು ಅರ್ಥ, ಎಲ್ಲಿ ಕೈ ತಡೆಯಿತು, ಹೇಗೆ ಸರಿಹೋಯಿತು ಎನ್ನುವುದನ್ನು ನಿಮ್ಮ ಮಾತಿನಲ್ಲೇ ಬರೆದು ತಂದುಕೊಡಿ. ಕಾಗುಣಿತ ತಪ್ಪಿದ್ದರೆ ನಾನು ತಿದ್ದುತ್ತೇನೆ. ಎರಡನೇ ಮುದ್ರಣದಲ್ಲಿ ಬರೆದವರ ಹೆಸರು ಹಾಕಿ ಅಚ್ಚು ಹಾಕುತ್ತೇನೆ.

ಸಿರಿಗನ್ನಡಂ ಗೆಲ್ಗೆ!